ಕೂಲಿಗೂ ತಕ್ಕಡಿಗೂ ನಡುವೆ ಒಂದು ಆಜ್ಞೆ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಖೇಣಿ ಮನೆಯಲ್ಲಿ, ಅಂದರೆ ತೋಟಗಳ ಫಸಲು ಗುತ್ತಿಗೆ ಹಿಡಿಯುವ ಮನೆಯಲ್ಲಿ, ನಾನು ಲೆಕ್ಕ ಬರೆಯುವ ರೈಟರು. ದಸರಾ ಆಸುಪಾಸಿಗೆ ಅಡಿಕೆ ಕೊನೆ ಇಳಿಯಲು ಶುರುವಾಯಿತೆಂದರೆ ಸಂಕ್ರಾಂತಿವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ಹಸಿ ಅಡಿಕೆ ತೂಗಿಸಿಕೊಳ್ಳುವುದು, ಸುಲಿಯುವವರ ಲೆಕ್ಕ, ಬೇಯಿಸುವ ಒಲೆಗೆ ಸೌದೆ, ಶಿವಮೊಗ್ಗದ ಮಂಡಿಗೆ ಹೋಗುವ ಚೀಲಗಳ ಚೀಟಿ, ಎಲ್ಲವೂ ನನ್ನ ತಲೆಯ ಮೇಲೆಯೇ. ಭಾನುವಾರ ತಪ್ಪದೆ ಪೂಜೆಗೆ ಹೋಗುವ ಕ್ರೈಸ್ತನೂ ಹೌದು. ಪ್ರಬೋಧನೆಯಲ್ಲಿ ಫಾದರ್ "ಪ್ರೀತಿಯೊಂದಿದ್ದರೆ ಮಿಕ್ಕದ್ದೆಲ್ಲ ಸರಿಹೋಗುತ್ತದೆ" ಅಂದಾಗ ನಾನು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ: ಅಂಗಳ ತುಂಬ ಜನ ಕೂಲಿಗೆ ಕಾಯುತ್ತಿರುವಾಗ ಅದು ಹೇಗಪ್ಪಾ ಸರಿಹೋಗುವುದು?

ಮತ್ತಾಯನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರಿಯೊಬ್ಬ ಯೇಸುಸ್ವಾಮಿಯನ್ನು ಕೇಳುತ್ತಾನೆ, ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ. ಯೆಹೂದ್ಯರ ಎಣಿಕೆಯಲ್ಲಿ ಮೋಶೆಯ ಧರ್ಮಶಾಸ್ತ್ರದ ಆಜ್ಞೆಗಳು 613. ಯೇಸು ಎರಡೇ ಹೇಳಿದರು. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಈ ಎರಡನೆಯದು ಯೇಸು ಹೊಸದಾಗಿ ಹೇಳಿದ್ದಲ್ಲ, ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದಲ್ಲೇ ಇದೆ. ಒಮ್ಮೆ ಮಳೆ ಹಿಡಿದು ತಟ್ಟಿಯ ಮೇಲಿನ ಅಡಿಕೆಯೆಲ್ಲ ಒಳಗೆ ಸೇರಿದ್ದ ದಿನ, ಕೆಲಸವಿಲ್ಲದೆ ಆ ಅಧ್ಯಾಯ ಪೂರ್ತಿ ಓದಿದೆ. ಓದಿ ನಗು ಬಂತು. ಅದು ನಮ್ಮ ಅಂಗಳದ ಬಗ್ಗೆಯೇ ಬರೆದ ಹಾಗಿದೆ! ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂಬುದು 13ನೇ ವಚನ. ನೆರೆಯವನನ್ನು ಪ್ರೀತಿಸು ಎಂಬುದು 18ನೆಯದು. ತಲೆ ನರೆತವರ ಮುಂದೆ ಎದ್ದು ನಿಲ್ಲು, ಬೇರೆ ನಾಡಿನಿಂದ ಬಂದವನನ್ನೂ ನಿನ್ನಂತೆಯೇ ಪ್ರೀತಿಸು ಎಂಬ ಮಾತುಗಳು ಅದಾದ ಮೇಲೆ. ಕೊನೆಗೆ ತಕ್ಕಡಿ, ಬಟ್ಟು, ಅಳತೆ ನ್ಯಾಯವಾಗಿರಲಿ ಅಂತ. ಪ್ರೀತಿಸಬೇಕೆಂಬ ಆಜ್ಞೆ ಕೂಲಿಗೂ ತಕ್ಕಡಿಗೂ ನಡುವೆ ಕೂತಿದೆ.

ಮೊದಲು ತಕ್ಕಡಿಯ ವಿಷಯ. ನಮ್ಮಲ್ಲಿ ಸುಲಿಯುವ ಹೆಂಗಸರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿಯಾದರೂ ಏಳುವವರಲ್ಲ. ನಾನು ಹಿಂದೆ ಇದ್ದ ಒಂದು ಕಡೆ ರೂಢಿ ಹೇಗಿತ್ತೆಂದರೆ, ಕ್ರೇಟಿನ ತೂಕ ಒಂದೂವರೆ ಕೆಜಿ ಇದ್ದರೂ ಎರಡು ಅಂತ ಕಳೆಯುವುದು, ಪಾಯಿಂಟ್ ಆದ ಮೇಲಿನದ್ದನ್ನು ಬರೆಯದೇ ಬಿಡುವುದು. ಕೇಳಿದರೆ, "ಅಷ್ಟು ಗ್ರಾಮಿಗೆಲ್ಲ ಏನು ಲೆಕ್ಕ ಮಾರಾಯ?" ಒಬ್ಬಳು ದಿನಕ್ಕೆ ಎಷ್ಟು ಸಲ ಕ್ರೇಟು ತರುತ್ತಾಳೆ, ಸೀಸನ್ನು ಎಷ್ಟು ದಿನ, ಗುಣಿಸಿ ನೋಡಿದವನಿಗೆ ಗೊತ್ತು. ಇಲ್ಲಿ ನಾನು ಖಾಲಿ ಕ್ರೇಟನ್ನು ಅವರ ಎದುರಿಗೇ ಇಟ್ಟು ಮಿಷನ್ನನ್ನು ಸೊನ್ನೆಗೆ ತರುತ್ತೇನೆ. ಅಂಕಿ ಕಾಣುವ ಮುಖ ಅವರ ಕಡೆಗೆ. ಗ್ರಾಮೂ ಬರೆಯುತ್ತೇನೆ.

ಹಾಗಂತ ಪ್ರೀತಿಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಒಂದೊಂದು ಕ್ರೇಟಿನ ತಳದಲ್ಲಿ ಅರ್ಧ ಸುಲಿದ, ಸಿಪ್ಪೆ ಕಚ್ಚಿಕೊಂಡ ಕಾಯಿ ಸಿಗುತ್ತದೆ. ಆಗ ಸುರಿದು ಆರಿಸಿ, ಮತ್ತೆ ತೂಗಿ, ಎಷ್ಟಿದೆಯೋ ಅಷ್ಟೇ ಬರೆಯುತ್ತೇನೆ. ಯಾಕೆಂದರೆ ನಮ್ಮ ಸಾಹುಕಾರರೂ ನನ್ನ ನೆರೆಯವರೇ. ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಎಂಬಲ್ಲಿ ಬಿಷಪ್ ಆಗಿದ್ದ ಸಂತ ಅಗಸ್ಟೀನರು, ಯೊವಾನ್ನನ ಮೊದಲ ಪತ್ರದ ಮೇಲಿನ ಪ್ರವಚನದಲ್ಲಿ "ಪ್ರೀತಿಸು, ಆಮೇಲೆ ಮನಸ್ಸಿಗೆ ಬಂದದ್ದನ್ನು ಮಾಡು" ಅಂದದ್ದು ಪ್ರಸಿದ್ಧ ಮಾತು. ಅದರ ಬೆನ್ನಿಗೇ ಅವರು, ಸುಮ್ಮನಿದ್ದರೂ ಪ್ರೀತಿಯಿಂದ ಸುಮ್ಮನಿರು, ತಿದ್ದಿದರೂ ಪ್ರೀತಿಯಿಂದ ತಿದ್ದು ಅನ್ನುತ್ತಾರೆ. ಗೋಡೆಗೆ ಅಂಟಿಸುವ ಚೀಟಿಯಲ್ಲಿ ಮೊದಲ ಸಾಲು ಮಾತ್ರ ಇರುತ್ತದೆ. ನನಗೆ ಕೆಲಸಕ್ಕೆ ಬಂದದ್ದು ಎರಡನೆಯದು. ತಿದ್ದಬೇಕಾದದ್ದನ್ನು ನಾಲ್ಕು ಜನರ ಮುಂದೆ ಹೇಳುವುದಿಲ್ಲ, ಅಷ್ಟೇ.

ಕೂಲಿಯ ವಿಷಯದಲ್ಲಿ ಆದದ್ದು ಬೇರೆ. ಆಯಾ ದಿನದ ದುಡ್ಡು ಅಂದೇ ಸಂಜೆ ಕೊಡೋಣ ಎಂದು ಸಾಹುಕಾರರನ್ನು ಒಪ್ಪಿಸಿದೆ. ವಚನದಲ್ಲಿ ಇರುವುದೇ ಹಾಗಲ್ಲವೇ? ಹೆಂಗಸರಿಗೆ ಹೇಳಿದರೆ ಒಬ್ಬರ ಮುಖವೂ ಅರಳಲಿಲ್ಲ. ಒಬ್ಬಾಕೆ ಕತ್ತಿಯಿಂದ ಕೈ ತೆಗೆಯದೆಯೇ ಅಂದಳು, "ಬ್ಯಾಡ ರೈಟ್ರೇ. ದಿನಾ ದುಡ್ಡು ಮನೆಗೆ ಹೋದ್ರೆ ಅದು ಗಡಂಗಿಗೇ ಹೋಗೋದು. ಸಂತೆ ಹಿಂದಿನ ದಿನ ಒಟ್ಟಿಗೆ ಕೊಡಿ, ಅಕ್ಕಿ ಸಾಮಾನು ಅಂತ ಆಗ್ತದೆ." ಈಗ ಹಾಗೆಯೇ ನಡೆದಿದೆ. ನಡುವೆ ಯಾರಿಗಾದರೂ ಆಸ್ಪತ್ರೆ, ಮಕ್ಕಳ ಫೀಸು ಅಂತ ಬಂದರೆ ಆ ಗಳಿಗೆಯಲ್ಲೇ ಕೊಡುತ್ತೇವೆ. ಮೇಲ್ನೋಟಕ್ಕೆ ವಚನ ಮೀರಿದಂತೆ. ಆದರೆ ಬಡವನ ಜೀವ ಆ ಕೂಲಿಯ ಮೇಲೇ ನಿಂತಿದೆ ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಆ ಆಜ್ಞೆಗೆ ಕಾರಣವನ್ನೂ ಹೇಳಿದೆ. ಕಾರಣ ಹಿಡಿದುಕೊಂಡರೆ ಸಾಕು ಅಂತ ನನ್ನ ಲೆಕ್ಕ. ಕೇಳದೇ ಮಾಡುವ ಉಪಕಾರದಲ್ಲಿ ಅರ್ಧ ನಮ್ಮ ಜಂಬವೇ ಇರುತ್ತದೆ.

ಹೆಚ್ಚು ತಲೆ ಕೆಡಿಸಿದ್ದು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ಕೈ ನಿಧಾನ, ಬೇರೆಯವರ ಅರ್ಧದಷ್ಟೂ ಆಗದು. ಮತ್ತಾಯನ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಸಂಜೆ ಐದಕ್ಕೆ ಬಂದವನಿಗೂ ಬೆಳಗಿನಿಂದ ದುಡಿದವನಿಗೂ ಒಂದೇ ದಿನಾರಿ, ಅಂದರೆ ಒಂದು ದಿನದ ಕೂಲಿಯ ನಾಣ್ಯ, ಕೊಡುತ್ತಾನೆ. ನಾನೂ ಅಜ್ಜಿಯ ಲೆಕ್ಕಕ್ಕೆ ನಾಲ್ಕು ಕೆಜಿ ಸೇರಿಸಿ ಬರೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಯಜಮಾನ ಹೇಳುವ ಮಾತು ನೋಡಿ: ನನ್ನದನ್ನು ನನಗೆ ಇಷ್ಟ ಬಂದಂತೆ ಕೊಡಬಾರದೇ? ಅವನದು ಅವನ ಸ್ವಂತ ದುಡ್ಡು. ನಾನು ರೈಟರು. ಯಾರದೋ ಗಂಟಿನಲ್ಲಿ ನಾನು ಧಾರಾಳಿ ಆದರೆ ಅದಕ್ಕೆ ಪ್ರೀತಿ ಅನ್ನಲು ಬಾಯಿ ಬರುವುದಿಲ್ಲ. ಸಾಹುಕಾರರ ಹತ್ತಿರವೇ ಮಾತಾಡಿದೆ. ಅಜ್ಜಿಗೆ ಈಗ ಒಣಗಿದ ಅಡಿಕೆ ಆರಿಸುವ ಕೆಲಸ, ದಿನಗೂಲಿ. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಅಡಿಕೆಯ ದರ್ಜೆಗಳೆಲ್ಲ ಅವರ ಬೆರಳಿಗೇ ಗೊತ್ತು. ಸಾಹುಕಾರರಿಗೂ ಅದರಿಂದ ಲಾಭವೇ.

ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಛತ್ರಕ್ಕೆ ಸೇರಿಸಿದ ಸಮಾರಿತನ ಕಥೆ ಎಲ್ಲರಿಗೂ ಗೊತ್ತು, ಲೂಕನ 10ನೇ ಅಧ್ಯಾಯ. ಲೆಕ್ಕ ಬರೆಯುವವನ ಕಣ್ಣಿಗೆ ಅದರಲ್ಲಿ ಬೀಳುವುದೇ ಬೇರೆ. ಅವನು ಛತ್ರದವನಿಗೆ ಎರಡು ದಿನಾರಿ ಮುಂಗಡ ಕೊಟ್ಟ. ಅಂದರೆ ಎರಡು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ವಾಪಸು ಬರುವಾಗ ತೀರಿಸುತ್ತೇನೆ ಅಂದ. ಗಾಯಕ್ಕೆ ಎಣ್ಣೆ ಹಚ್ಚಿದ್ದು ಎಷ್ಟು ಮುಖ್ಯವೋ ಛತ್ರದವನಿಗೆ ನಷ್ಟವಾಗದಂತೆ ನೋಡಿಕೊಂಡದ್ದೂ ಅಷ್ಟೇ ಮುಖ್ಯ.

ಈ ಸಲ ಸುಲಿಯುವ ಮಿಷನ್ ತರುವ ಮಾತು ನಡೆದಿದೆ. ಜನ ಸಿಗುತ್ತಿಲ್ಲ ಎಂಬುದೂ ನಿಜ, ಇರುವ ಹೆಂಗಸರಿಗೆ ಈ ನಾಲ್ಕು ತಿಂಗಳ ದುಡಿಮೆಯೇ ವರ್ಷದ ಆಸರೆ ಎಂಬುದೂ ನಿಜ. 19ನೇ ಅಧ್ಯಾಯದಲ್ಲಿ ಮಿಷನ್ ಬಗ್ಗೆ ಏನೂ ಇಲ್ಲ. ಕೊಟೇಶನ್ ತರಿಸು ಅಂದಿದ್ದಾರೆ, ತರಿಸಿದ್ದೇನೆ. ಅದರ ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ: ಮಿಷನ್ನಿಗೆ ಕಾಯಿ ಹಾಕಲು ಎಷ್ಟು ಜನ ಬೇಕು, ಆರಿಸಲು ಎಷ್ಟು, ಒಣಗಿಸಲು ಎಷ್ಟು, ಕೆಲಸವಿಲ್ಲದೆ ಉಳಿಯುವವರು ಯಾರು ಯಾರು. ಉಳಿಯುವವರ ಹೆಸರು ಬರೆದು, ಪಕ್ಕದ ಕಾಲಂ ಖಾಲಿ ಬಿಟ್ಟಿದ್ದೇನೆ. ಸಾಹುಕಾರರು ನೋಡಿ, ಹಬ್ಬ ಮುಗಿಯಲಿ, ಅವರನ್ನೂ ಕೂರಿಸಿಕೊಂಡು ಮಾತಾಡೋಣ ಅಂದಿದ್ದಾರೆ.