ಜೀನ್ಸ್ ಕೌದಿ: ಜನವರಿಯಿಂದ ಮೇವರೆಗೆ

ಮೊದಲು ಲೆಕ್ಕ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು, ಸುತ್ತಿಗೂ ಸುತ್ತಿಗೂ ಒಂದಿಂಚು ಅಂತರ. ಒಟ್ಟು ಸುಮಾರು 380 ಗೇಣು ಹೊಲಿಗೆ. ಇವತ್ತಿಗೆ 205 ಆಗಿದೆ. ಐದು ತಿಂಗಳಿಗೆ ಇಷ್ಟೇನಾ ಅಂತ ಕೇಳುವವರಿಗೆ ಹೇಳುವುದು, ಈ ಕೆಲಸದಲ್ಲಿ ನಾನು ಹೆದರುವುದು ನಿಧಾನಕ್ಕಲ್ಲ, ಬೇಗ ಆಗುವುದಕ್ಕೆ.

ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಮೇಲೆ ಏರಿ, ಒಮ್ಮೆ ತೀರಾ ಕೆಳಗೆ ಬೀಳುವ ಕಾಯಿಲೆ. ಗೊತ್ತಾಗಿ ಆರು ವರ್ಷ ಆಯ್ತು, ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಮುಂಚೆ ಬಳ್ಳಾರಿಯ ಕೌಲ್ ಬಜಾರ್‌ನ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ, ಈಗ ಮನೆಯಲ್ಲೇ ಕೂತು ಎರಡು ಅಂಗಡಿಯ ಜಿಎಸ್‌ಟಿ ನೋಡಿಕೊಳ್ಳುತ್ತೇನೆ. ದಿನಾ ಮನಸ್ಸು ಹೇಗಿತ್ತು ಅಂತ ಒಂದರಿಂದ ಹತ್ತರೊಳಗೆ ನಂಬರ್ ಹಾಕಿ ಅಂದಿದ್ದರು ಡಾಕ್ಟರು. ಎಲ್ಲಾ ದಿನಕ್ಕೂ ಐದು ಅಂತ ಬರೆದು ಬರೆದು ಬಿಟ್ಟುಬಿಟ್ಟೆ. ಅದರ ಬದಲು ಎಷ್ಟು ಗೇಣು ಹೊಲಿದೆ ಅಂತ ಬರೆಯುವುದು ಸುಲಭ. ಸುಳ್ಳು ಬರೆದರೆ ಬಟ್ಟೆಯೇ ಹೇಳಿಬಿಡುತ್ತದೆ.

ಜನವರಿ, 18 ಗೇಣು

ಯೂನಿಟ್‌ನವರು ಎರಡು ಚೀಲ ಕಟಿಂಗ್ ಚಿಂದಿ ಪುಕ್ಕಟೆ ಕೊಟ್ಟರು. ಒಳಗಿನ ಪದರಕ್ಕೆ ಅವ್ವನ ಹಳೇ ಹತ್ತಿ ಸೀರೆ, ಮಾವನ ಎರಡು ಪಂಚೆ. ಜೀನ್ಸ್ ನೋಡಿದ ಕೂಡಲೇ ಅವ್ವ, "ಏನಪಾ, ಬಂಡೆ ಹೊದ್ಕೊಂಡು ಮಲಗ್ತೀ ಏನು?" ಅಂದಳು. ಸರಿಯಾಗೇ ಹೇಳಿದ್ದಳು. ಮೊದಲ ವಾರ ಮೂರು ಸೂಜಿ ಮುರಿದವು. ಪ್ಯಾಂಟಿನ ಹೊಲಿಗೆ ಬರುವ ದಪ್ಪ ಜಾಗವನ್ನೆಲ್ಲ ಕತ್ತರಿಸಿ ಎಸೆದು, ಮೇಲೆ ಒಂದೇ ಪದರ ಜೀನ್ಸ್, ಕೆಳಗೆ ಎರಡು ಪದರ ಸೀರೆ ಅಂತ ಇಟ್ಟಮೇಲೆ ಸೂಜಿ ಓಡಿತು. ಗಂಡಸು ಕೌದಿ ಹೊಲಿಯುವುದು ನೋಡಲು ಪಕ್ಕದ ಮನೆಯವರು ಎರಡು ದಿನ ಬಂದರು. ಮೂರನೇ ದಿನ ಅವರಿಗೂ ಬೇಜಾರಾಯ್ತು.

ಫೆಬ್ರವರಿ, 42 ಗೇಣು

ಕೈ ನಡುಗುತ್ತದೆ. ಲಿಥಿಯಂ ತೆಗೆದುಕೊಳ್ಳುವ ಎಷ್ಟೋ ಜನಕ್ಕೆ ಹೀಗೇ ಸಣ್ಣಗೆ ನಡುಗುತ್ತದೆ, ಚಹಾ ಕುಡಿದರೆ ಇನ್ನೂ ಜಾಸ್ತಿ. ಕಾಲಿಂಚು ಇರಬೇಕಾದ ಹೊಲಿಗೆ ಒಮ್ಮೆ ಅರ್ಧ ಇಂಚು, ಒಮ್ಮೆ ಸಾಸಿವೆ ಕಾಳಷ್ಟು. ಸೂಜಿಗೆ ದಾರ ಪೋಣಿಸುವುದಂತೂ ಆಗುವ ಮಾತಲ್ಲ. ಅದಕ್ಕೆ ಅವ್ವ ಬೆಳಿಗ್ಗೆ ಎದ್ದು ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಡುತ್ತಾಳೆ. ನಾನು ಕೇಳಿರಲಿಲ್ಲ.

ಆ ಸೊಟ್ಟ ಹೊಲಿಗೆ ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಫೆಬ್ರವರಿ ಕೊನೆಗೆ, ಯಾರಿಗೂ ಹೇಳದೆ, ಮಾತ್ರೆ ಅರ್ಧ ಮಾಡಿದೆ.

ಮಾರ್ಚ್, ಮೂರು ರಾತ್ರಿಗೆ 90 ಗೇಣು

ನಡುಕ ನಿಂತಿತು. ನಿದ್ದೆಯೂ ನಿಂತಿತು, ಆದರೆ ಅದು ನನಗೆ ಲಾಭ ಅನ್ನಿಸಿತು. ಮೊದಲ ರಾತ್ರಿಯೇ 30 ಗೇಣು. ಬೆಂಗಳೂರು ರೋಡಿಗೆ ಹೋಗಿ 40 ಮೀಟರ್ ಬಟ್ಟೆ ತಂದೆ, 6,400 ರೂಪಾಯಿ, ಕೌದಿ ಕಂಪನಿಗೆ ಹೆಸರಿಟ್ಟು ವಿಸಿಟಿಂಗ್ ಕಾರ್ಡ್ ಮಾಡಿಸಲು ಕೊಟ್ಟೆ, ಹಳೇ ಮಾಲೀಕರಿಗೆ ರಾತ್ರಿ ಎರಡಕ್ಕೆ ಫೋನ್ ಮಾಡಿ 200 ಕೌದಿ ಎಕ್ಸ್‌ಪೋರ್ಟ್ ಮಾಡೋಣ ಅಂದೆ, ಪಾಪ ಅವರು ಆಯ್ತಪ್ಪಾ ಆಯ್ತಪ್ಪಾ ಅಂತ ಕೇಳಿಸಿಕೊಂಡರು.

ಅಕ್ಕ ಬಂದವಳು ಕೌದಿ ನೋಡಲಿಲ್ಲ, ನನ್ನ ಕಣ್ಣು ನೋಡಿದಳು. "ಎಷ್ಟು ತಾಸು ಮಲಗಿದಿ?" ನಾನು ಜಗಳ ತೆಗೆದೆ. ಆ ರಾತ್ರಿ ಮೂರಕ್ಕೆ ಅವಳು ಅಂಗಳದಲ್ಲಿ ನಿಂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದ್ದಳಂತೆ. ಕನ್ನಡದಲ್ಲೇ ಮಾತಾಡಿದರು, ಅರ್ಧ ಹೆದರಿಕೆ ಅಲ್ಲೇ ಇಳಿಯಿತು ಅಂತ ಆಮೇಲೆ ಹೇಳಿದಳು. ಬೆಳಿಗ್ಗೆ ನನ್ನನ್ನು ಡಾಕ್ಟರ ಹತ್ತಿರ ಕೂರಿಸಿದಳು.

ರಕ್ತದಲ್ಲಿ ಲಿಥಿಯಂ 0.3 ಬಂತು. ನನಗೆ ಇರಬೇಕಾದ್ದು 0.6ರಿಂದ 1ರೊಳಗೆ. ಅರ್ಧ ಮಾತ್ರೆ ವಿಷಯ ಬಾಯಿ ಬಿಟ್ಟೆ. ಡಾಕ್ಟರು ಬೈಯಲಿಲ್ಲ. "ನಡುಕಕ್ಕೆ ಬೇರೆ ಮಾತ್ರೆ ಇದೆ, ಕೇಳಬೇಕಿತ್ತು" ಅಂದರು. ಪ್ರೊಪ್ರನಲಾಲ್ ಬರೆದುಕೊಟ್ಟರು. ಆರು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ, ನಡುಕವೂ ಕಾಯಿಲೆಯ ಜೊತೆ ಬಂದ ಬಾಡಿಗೆ ಅಂದುಕೊಂಡಿದ್ದೆ.

ಏಪ್ರಿಲ್, 0

ಮೇಲೆ ಹೋದದ್ದು ಕೆಳಗೆ ಬಂತು. 19 ದಿನ ಕೌದಿಯ ಮೇಲೆ ಮಲಗಿದ್ದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಕೌದಿ ಯಾರು ಹೊದೆಯುತ್ತಾರೆ, ಕೆಳಗೇ ಹಾಸಿಕೊಂಡಿದ್ದೆ. ಅವ್ವ ಆಗಲೂ ದಿನಾ ಒಂದು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚುತ್ತಿದ್ದಳು. ನಾನು ಸೂಜಿ ಮುಟ್ಟಲಿಲ್ಲ, ಅವಳು ಒಂದು ಮಾತೂ ಅನ್ನಲಿಲ್ಲ.

ಈ ಬಿಸಿಲಲ್ಲಿ ಲಿಥಿಯಂನವರು ಗಮನ ಇಡಬೇಕಾದ ವಿಷಯ ಒಂದಿದೆ. ಬೆವರಿ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನಾನು ಉಪ್ಪು ಬಿಡುವುದಿಲ್ಲ, ಮಜ್ಜಿಗೆ, ನೀರು ಬಿಡುವುದಿಲ್ಲ. ತಲೆನೋವು ಅಂದರೆ ಮೆಡಿಕಲ್‌ನವನು ಐಬುಪ್ರೊಫೆನ್ ಕೊಟ್ಟ, ಅದೂ ಲಿಥಿಯಂ ಏರಿಸುತ್ತದೆ, ವಾಪಸ್ ಕೊಟ್ಟು ಪ್ಯಾರಾಸಿಟಮಾಲ್ ತಂದೆ. ಕೈ ಜೋರಾಗಿ ಅದುರಿದರೆ, ವಾಂತಿ ಭೇದಿ ಆದರೆ, ನಡೆಯುವಾಗ ತೂರಾಡಿದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂದಿದ್ದಾರೆ. ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಮೇ, 93 ಗೇಣು

ಈಗ ದಿನಕ್ಕೆ ನಾಲ್ಕೇ ಗೇಣು. ಜಾಸ್ತಿ ಮನಸ್ಸಾದರೂ ನಾಲ್ಕೇ. ರಾತ್ರಿ ಒಂಬತ್ತಕ್ಕೆ ಸೂಜಿ ಡಬ್ಬಿ ಅಕ್ಕನ ಕೋಣೆಗೆ ಹೋಗುತ್ತದೆ. ಮೂವತ್ತೈದು ವರ್ಷದವನಿಗೆ ಇದು ಸ್ವಲ್ಪ ಅವಮಾನವೇ, ಆದರೂ ಐಡಿಯಾ ನನ್ನದೇ.

ಇದೇ ತಿಂಗಳು ಹೊಲಿಗೆ ಮಾವನ ಪಂಚೆ ಇರುವ ಕಡೆ ಬಂತು. ಡಾಕ್ಟರ ಹತ್ತಿರ ಅವನ ಮಾತು ತೆಗೆದಾಗ ಒಂದು ವಿಷಯ ಹೇಳಿದರು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಈ ಕಾಯಿಲೆಗಳಿಗೆ ಊರ ಹತ್ತಿರವೇ ಮಾತ್ರೆ ಸಿಗುವ ಹಾಗೆ ಮಾಡಿ ನೋಡಿದ್ದರಂತೆ. 1996ರಲ್ಲಿ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ಆಧಾರ. ಅದೇ ವರ್ಷಗಳಲ್ಲಿ ಮಾವನನ್ನು ಹಿತ್ತಲ ಕೋಣೆಯಲ್ಲಿ ಹಾಕಿ ಚಿಲಕ ಹಾಕುತ್ತಿದ್ದರು, ಅಮಾವಾಸ್ಯೆಗೊಮ್ಮೆ ತಾಯಿತ ಕಟ್ಟಿಸಲು ಕರೆದುಕೊಂಡು ಹೋಗುತ್ತಿದ್ದರು. ಹತ್ತಿರದಲ್ಲೇ ಮಾತ್ರೆ ಸಿಗುತ್ತದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ಇದನ್ನು ಹೇಳಿದೆ. ಅವಳು ಸುಮ್ನೆ ಪಂಚೆಯ ಅಂಚು ನೇವರಿಸಿದಳು, ಆಮೇಲೆ ಅಡಿಗೆ ಮನೆಗೆ ಹೋದಳು.

ಇನ್ನು ಮಾರ್ಚ್ ಹೊಲಿಗೆ. ಮೂರನೇ ರಾತ್ರಿಯದ್ದು ಸುತ್ತು ಬಿಟ್ಟು ಅಡ್ಡಾದಿಡ್ಡಿ ಓಡಿದೆ, ಒಳಪದರವೇ ಸಿಕ್ಕಿಲ್ಲ. ಆ 38 ಗೇಣು ಬಿಚ್ಚಿದೆ. ಆದರೆ ಮೊದಲ ರಾತ್ರಿಯ 30 ಗೇಣು ಇಡೀ ಕೌದಿಯಲ್ಲೇ ಚೆಂದ, ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ. ಸಿಟ್ಟು ಬರುತ್ತದೆ. ಬಂದವರೆಲ್ಲ ಅದನ್ನೇ ಮುಟ್ಟಿ ಇದು ಚೆನ್ನಾಗಿದೆ ಅನ್ನುತ್ತಾರೆ. ಬಿಚ್ಚಲಾ ಅಂತ ಅಕ್ಕನ್ನ ಕೇಳಿದೆ. "ಗಟ್ಟಿ ಐತಲ್ಲ, ಇರಲಿ ಬಿಡು" ಅಂದಳು.

ನಾಳೆ ಮತ್ತೆ ರಕ್ತ ಕೊಡಬೇಕು. ರಾತ್ರಿ ಮಾತ್ರೆ ನುಂಗಿ ಹನ್ನೆರಡು ತಾಸಾದಮೇಲೆ, ಬೆಳಗಿನ ಮಾತ್ರೆಗೆ ಮುಂಚೆ. ಬರುವಾಗ ಬಿಳಿ ನೂಲು ತರಬೇಕು, ಎರಡೇ ಉಂಡೆ.