ಒಂದೇ ಕಾಲುವೆಯ ನೀರು

ಮಗಳು ಸ್ಪೆಲ್ಲಿಂಗ್ ಬೀ ಸ್ಪರ್ಧೆಗೆ, ಅಂದರೆ ಇಂಗ್ಲಿಷ್ ಪದಗಳ ಸ್ಪೆಲ್ಲಿಂಗ್ ಹೇಳುವ ಪಂದ್ಯಕ್ಕೆ, ತಯಾರಾಗುತ್ತಿದ್ದಾಳೆ. ಐದನೇ ಕ್ಲಾಸು. ಇಲ್ಲಿ ಓಹಾಯೋದಲ್ಲಿ ನಮ್ಮವರ ಮಕ್ಕಳಿಗೆಲ್ಲ ಇದೊಂದು ಹುಚ್ಚು. ಹುಚ್ಚು ಅವಳಿಗಿಂತ ನನಗೇ ಜಾಸ್ತಿ ಅನ್ನುತ್ತಾಳೆ ಹೆಂಡತಿ. ಪದ ಬಾಯಿಪಾಠ ಮಾಡಿದರೆ ಸಾಲದಂತೆ, ಅದರ ಬೇರೂ ಗೊತ್ತಿರಬೇಕಂತೆ. ಹಾಗಾಗಿ ದಿನಾ ರಾತ್ರಿ ಊಟದ ಮೇಜಿನ ತುಂಬ ಲ್ಯಾಟಿನ್ ಚೀಟಿಗಳು.

ಸುಳ್ಳು ಯಾಕೆ ಹೇಳಲಿ, ನನಗೂ ಮಜಾ ಬರುತ್ತಿದೆ. ಮಸಲ್, ಅಂದರೆ ಸ್ನಾಯು, ಮೂಲದಲ್ಲಿ ಪುಟ್ಟ ಇಲಿ. ಡಿಸೆಂಬರ್ ಒಳಗೆ ಹತ್ತು ಕೂತಿದೆ, ಯಾಕಂದರೆ ರೋಮನ್ನರ ಹಳೆಯ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು. ಹೆಚ್ಚುಕಮ್ಮಿ ನಮ್ಮ ಯುಗಾದಿ ಹೊತ್ತಿಗೆ! ಅವಳು ಸೆಪ್ಟೆಂ, ಆಕ್ಟೊ, ನೋವೆಂ, ಡೆಕೆಂ ಅಂತ ಓದಿದಾಗ ನಾನು ಸಪ್ತ, ಅಷ್ಟ, ನವ, ದಶ ಅಂದೆ.

"ಹಂಗಾದ್ರ ಕನ್ನಡಾನೂ ಲ್ಯಾಟಿನ್ನಾ?" ಅಂದಳು.

ಅಲ್ಲ, ಅದು ಸಂಸ್ಕೃತ, ಅದೂ ಲ್ಯಾಟಿನ್ನೂ ಒಂದೇ ಮನೆತನದ ದೂರದ ನೆಂಟರು. ನಮ್ಮದು ಏಳು, ಎಂಟು, ಒಂಬತ್ತು, ಹತ್ತು. ಆ ಮನೆತನವೇ ಬೇರೆ ಅಂತ ಹೇಳಿದೆ.

ಮೊನ್ನೆ ಬಂದ ಚೀಟಿ ಕಂಪ್ಯಾನಿಯನ್, ಅಂದರೆ ಜೊತೆಗಾರ. ಕಾಮ್ ಅಂದರೆ ಜೊತೆ, ಪಾನಿಸ್ ಅಂದರೆ ಬ್ರೆಡ್ಡು. ನಮ್ಮ ಬಾಯಲ್ಲಿ ಹೇಳುವುದಾದರೆ ಕೂಡಿ ರೊಟ್ಟಿ ಉಂಡವನು. ಅದರ ಹಿಂದೆಯೇ ರೈವಲ್ ಬಂತು, ಅಂದರೆ ಎದುರಾಳಿ. ರೀವುಸ್ ಅಂದರೆ ಹಳ್ಳ, ನೀರಿನ ಹರಿವು. ರೋಮನ್ನರ ಕಾನೂನಿನಲ್ಲೇ ಇದೆಯಂತೆ: ಒಂದೇ ಕಾಲುವೆಯಿಂದ ನೀರು ಒಯ್ಯುವವರು ರಿವಾಲೆಸ್.

ನಾನು ಚೀಟಿ ಹಿಡಿದುಕೊಂಡು ಸುಮ್ನೆ ಕೂತೆ.

ನಮ್ಮದು ಮುಧೋಳ ತಾಲ್ಲೂಕು. ಕಬ್ಬಿನ ಹೊಲ, ಘಟಪ್ರಭೆಯ ಕಾಲುವೆ, ಅದಕ್ಕೊಂದು ಪಾಳಿ. ಅಪ್ಪ ಮತ್ತು ಕಾಕಾ ಬೇರೆಯಾದಾಗ ಹೊಲ ಸರಿಯಾಗಿ ಎರಡು ಪಾಲಾಯಿತು, ನೀರು ಆಗಲಿಲ್ಲ. ಒಂದು ರಾತ್ರಿ ಪಾಳಿ ನಮ್ಮದಿತ್ತು. ಅಪ್ಪ ಬ್ಯಾಟರಿ ಹಿಡಿದು ಹೋದರೆ ನಮ್ಮ ಕಡೆ ನೀರಿನ ಹರಿ ಒಣಗಿತ್ತು. ಯಾರೋ ಮಣ್ಣು ಹಾಕಿ ನೀರನ್ನು ಆ ಕಡೆ ತಿರುಗಿಸಿದ್ದರು. ಸಲಿಕೆ ಎತ್ತುವವರೆಗೂ ಹೋಯಿತು ಜಗಳ. ನನಗಾಗ ಹನ್ನೊಂದು ವರ್ಷ. ಮರುದಿನದಿಂದ ಮಾತಿಲ್ಲ. ಅರ್ಧ ತಾಸಿನ ನೀರಿಗೆ ಇಪ್ಪತ್ತೈದು ವರ್ಷ! ಊರಲ್ಲಿ ಇದನ್ನು ಛಲ ಅನ್ನುತ್ತಾರೆ. ನನಗೆ ಆ ಪದ ಈಗ ಅಷ್ಟು ಇಷ್ಟವಾಗುವುದಿಲ್ಲ.

ಈ ಕತೆ ಮಗಳಿಗೂ ಗೊತ್ತು. ಅವಳು ಎರಡೂ ಚೀಟಿ ಪಕ್ಕಪಕ್ಕ ಇಟ್ಟಳು.

"ಪಪ್ಪಾ, ಸಣ್ಣಜ್ಜ ನಮ್ಮ ರೈವಲ್ಲಾ ಕಂಪ್ಯಾನಿಯನ್ನಾ? ಎಳ್ಳ ಅಮಾಸಿಗೆ ಅಜ್ಜಿ ಬುಟ್ಟ್ಯಾಗಿನ ಸಜ್ಜಿ ರೊಟ್ಟಿ ಸಣ್ಣಜ್ಜಗ ಒಯ್ದು ಕೊಟ್ಟಾಕಿ ನಾನ ಅಲ್ಲೇನು?"

ಹೌದು. ಹೋದ ವರ್ಷ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಬೀರಲು, ಹೊಲಕ್ಕೆ ಹೋಗಿದ್ದೆವು. ಬದುವಿನ ಈ ಕಡೆ ಅಪ್ಪ, ಆ ಕಡೆ ಕಾಕಾ, ಒಬ್ಬರಿಗೊಬ್ಬರು ಬೆನ್ನು ಹಾಕಿ ಉಣ್ಣುತ್ತಿದ್ದರು. ಅವ್ವ ಏನೂ ಮಾತಾಡದೆ ರೊಟ್ಟಿ ಮೇಲೆ ಪುಂಡಿಪಲ್ಯ ಇಟ್ಟು ಇವಳ ಕೈಗೆ ಕೊಟ್ಟಿದ್ದಳು. ಬರುವಾಗ ಇವಳ ಕೈಯಲ್ಲಿ ಕಾಕಾನ ಮನೆಯ ಕಡುಬು ಇತ್ತು. ಅಪ್ಪ ಅದನ್ನು ಕೇಳಿ ಇಸಿದುಕೊಂಡು ತಿಂದ.

ಈ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಪಕ್ಕದ ಮನೆಯವರು ದಿನಾ ಕೈ ಬೀಸುತ್ತಾರೆ, ಒಳ್ಳೆಯ ಜನ. ಅವರ ಮನೆಯಲ್ಲಿ ಒಂದು ತುತ್ತು ಉಂಡಿಲ್ಲ. ನೀರು ನಲ್ಲಿಯಲ್ಲಿ ಬರುತ್ತದೆ, ಬಿಲ್ಲು ಅವರಿಗೆ ಬೇರೆ, ನನಗೆ ಬೇರೆ. ಜಗಳವಾಡಲು ಏನಿದೆ ಹೇಳಿ?

ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗು. ಲ್ಯಾಟಿನ್ ಸುದ್ದಿ ಎತ್ತಲಿಲ್ಲ. ಕಬ್ಬು ಹೆಂಗದ, ನೀರಿನ ಪಾಳಿ ಯಾವಾಗ ಅಂತ ಕೇಳಿದೆ.

"ಕಾಲುವಿಗೆ ಇನ್ನಾ ನೀರ ಬಿಟ್ಟಿಲ್ಲೋ. ಎಲ್ಲಿ ಪಾಳಿ?" ಅಂದ. ಸ್ವಲ್ಪ ತಡೆದು ಹೇಳಿದ, "ನಿಮ್ಮ ಕಾಕಾ ಬಂದಿದ್ದ ನಿನ್ನೆ. ನೀರ ಯಾವಾಗ ಬಿಡ್ತಾರಂತ ಕೇಳಾಕ. ಚಾ ಕುಡದು ಹ್ವಾದ."