ಅತ್ತೂರಿನ ಇಗರ್ಜಿ ಎಷ್ಟು ಹಳೆಯದು?

ಜನವರಿಯ ಅತ್ತೂರು ಜಾತ್ರೆಗೆ ಗೆಳೆಯರನ್ನು ಕರೆದುಕೊಂಡು ಹೋದಾಗಲೆಲ್ಲ ಇದೇ ಪ್ರಶ್ನೆ: ಇಲ್ಲಿನ ಇಗರ್ಜಿ, ಅಂದರೆ ಚರ್ಚು, ಎಷ್ಟು ಹಳೆಯದು? ಕಾರ್ಕಳದ ಪಕ್ಕದ ಹಳ್ಳಿ ಇದು. ಇಸವಿ ಹೇಳಿ ಮುಗಿಸಬಹುದು. ಆದರೆ ಯಾವ ಇಸವಿ ಹೇಳಲಿ?

ಸಂತ ಲಾರೆನ್ಸರ ಈ ಇಗರ್ಜಿ ಶುರುವಾದದ್ದು 1759ರಲ್ಲಿ. 1784ರಲ್ಲಿ ಅದು ಉಳಿಯಲಿಲ್ಲ. ಇಂಗ್ಲಿಷರಿಗೆ ನೆರವಾದರು ಎಂಬ ಗುಮಾನಿಯಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿಸಿದ. ಅದು ಫೆಬ್ರವರಿಯ ಬೂದಿ ಬುಧವಾರ, ಕ್ರೈಸ್ತರ ಉಪವಾಸ ಕಾಲ ಶುರುವಾಗುವ ದಿನ. ಊರೂರಿನ ಇಗರ್ಜಿಗಳನ್ನು ಕೆಡವಿದರು. ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂದು ಬರೆದವರ ಲೆಕ್ಕ ಒಂದೇ ಆಗಿಲ್ಲ. ಜಾಸ್ತಿ ಕೇಳಿಬರುವುದು 60,000. ತುಂಬಾ ಜನ ವಾಪಸ್ ಬರಲೇ ಇಲ್ಲ. ಉಳಿದವರು ಊರು ಸೇರಿದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ.

15 ವರ್ಷ ಅಂದರೆ ಸುಮ್ನೆ ಅಲ್ಲ. ಹೋಗುವಾಗ ಸೊಂಟದ ಮೇಲಿದ್ದ ಕೂಸು ಬರುವಾಗ ಗದ್ದೆ ಉಳುವ ಹುಡುಗ. ಇಗರ್ಜಿ ಎಲ್ಲಿತ್ತು ಎಂದು ಅವನಿಗೆ ಯಾರಾದರೂ ಕೈ ತೋರಿಸಿ ಹೇಳಬೇಕು. ಅಂಥವರು ಸೇರಿ ಮೊದಲು ಕಟ್ಟಿದ್ದು ಹುಲ್ಲಿನ ಮಾಡಿನ ಇಗರ್ಜಿ.

ಈಗಿನ ಜಾಗಕ್ಕೆ ಬಂದದ್ದು 1839ರಲ್ಲಿ. ಇದರ ಕಥೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಪಾದ್ರಿಯವರೂ ಊರವರೂ ಲಾರೆನ್ಸರ ಮರದ ಮೂರ್ತಿ ಹೊತ್ತು ಜಾಗ ಹುಡುಕುತ್ತಾ ಹೊರಟರು. ಪರ್ಪಲೆ ಗುಡ್ಡೆ ಇಳಿದರು. ಬಾಯಾರಿಕೆ. ಅಲ್ಲೊಂದು ನೀರಿನ ಒಸರು ಕಂಡಿತು. ಮೂರ್ತಿಯನ್ನು ನೆಲದ ಮೇಲಿಟ್ಟು ನೀರು ಕುಡಿದರು. ಮತ್ತೆ ಎತ್ತಲು ಹೋದರೆ ಮೂರ್ತಿ ಅಲುಗಲಿಲ್ಲ. ಇಲ್ಲೇ ಇಗರ್ಜಿ ಕಟ್ಟುತ್ತೇವೆ ಎಂದು ಹರಕೆ ಹೊತ್ತರು.

ಇದನ್ನು ಪವಾಡ ಎಂದು ನಂಬುವವರ ಜೊತೆ ನಾನೂ ಕೈ ಮುಗಿಯುತ್ತೇನೆ. ಜೊತೆಗೆ ಇನ್ನೊಂದು ಕಾಣುತ್ತದೆ. ಅವರ ಮನೆಗಳಲ್ಲಿ ಘಟ್ಟದ ದಾರಿಯ ನೆನಪು ಇನ್ನೂ ಆರಿರಲಿಲ್ಲ. ನೀರಿರುವ ಕಡೆ ನಿಲ್ಲಬೇಕು, ಇನ್ನು ನಡೆಯುವುದು ಬೇಡ ಎಂದು ಅವರಿಗೆ ಅನಿಸಿರಬೇಕು, ಅಲ್ವಾ? ಆ ಒಸರೇ ಇವತ್ತಿನ ಪುಷ್ಕರಿಣಿ. ಇಗರ್ಜಿಯ ಕೆರೆಗೆ ಈ ಹೆಸರು ಎಷ್ಟು ಚೆಂದ!

ಲಾರೆನ್ಸರ ದಿನ ಆಗಸ್ಟ್ 10, ಜಡಿಮಳೆಯ ಕಾಲ. ಊರ ದೊಡ್ಡ ಹಬ್ಬ ಮಾತ್ರ ಜನವರಿಯ ಕೊನೆಗೆ. ಕೊಂಕಣಿಯಲ್ಲೂ ಕನ್ನಡದಲ್ಲೂ ಪೂಜೆ ನಡೆಯುತ್ತದೆ. ಮೊಂಬತ್ತಿ ಹಚ್ಚುವ ಸಾಲಿನಲ್ಲಿ ಮಲ್ಲಿಗೆ ಮುಡಿದವರು, ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು ಎಲ್ಲರೂ ಇರುತ್ತಾರೆ. 2016ರಲ್ಲಿ ಇದು ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಮಾನ ಪಡೆದ ಇಗರ್ಜಿ ಆಯಿತು, ಬೆಂಗಳೂರಿನ ಸೇಂಟ್ ಮೇರಿಸ್ ನಂತರ ರಾಜ್ಯದ ಎರಡನೆಯದು.

ನನಗೆ ಜನವರಿಯ ಜಾತ್ರೆಗಿಂತ ಇಷ್ಟ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಕರಾವಳಿಯ ಎಲ್ಲಾ ಇಗರ್ಜಿಗಳ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬಾ ಹೂ ತಂದು ಪುಟ್ಟ ಮರಿಯಮ್ಮನಿಗೆ, ಅಂದರೆ ಯೇಸುವಿನ ತಾಯಿ ಮೇರಿಯ ಶಿಶು ಮೂರ್ತಿಗೆ ಹಾಕುತ್ತಾರೆ. ಹಬ್ಬದ ದಿನ ಮಂತ್ರಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತೇವೆ. ಬೇರೆ ಊರಲ್ಲಿ ಇರುವವರಿಗೆ ಒಂದೆರಡು ಕಾಳು ಎತ್ತಿಡುವುದೂ ಉಂಟು.

ನನಗೆ ಇಗರ್ಜಿ ಅಂದರೆ ಗೋಡೆಯಲ್ಲ, ಹೀಗೆ ಒಟ್ಟಿಗೆ ಉಣ್ಣುವ ಜನ. ಹಾಗಾಗಿ ಕೇಳಿದವರಿಗೆ ನಾನು 1759 ಎನ್ನುತ್ತೇನೆ. ಕಟ್ಟಡ ಅಷ್ಟು ಹಳೆಯದಾಗಿ ಕಾಣುವುದಿಲ್ಲವಲ್ಲ ಎಂದರೆ, ಮೊದಲು ಪುಷ್ಕರಿಣಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ.